ಮೀನಿನ ಮಾರ್ಕರ್ ಕೈಕೊಟ್ಟಾಗ: ತಪ್ಪು ಟ್ಯೂಬಿನಲ್ಲೋ, ಹೊಳೆಯಲ್ಲೋ?

ನೇತ್ರಾವತಿ, ಫಲ್ಗುಣಿ ಬೇರೆ ಬೇರೆ ದಾರಿಯಲ್ಲಿ ಹರಿದು ಬಂದು ಮಂಗಳೂರಿನಲ್ಲಿ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಉಡುಪಿ ಕಡೆ ಸೀತಾ, ಸುವರ್ಣಾ ಕೂಡ ಹಾಗೆಯೇ, ಕೋಡಿಬೆಂಗ್ರೆ ಹತ್ತಿರ ಒಂದಾಗುತ್ತವೆ. ಈ ಹೊಳೆಗಳಲ್ಲಿ, ಅವಕ್ಕೆ ಸೇರುವ ತೋಡುಗಳಲ್ಲಿ, ಬೈಲುಗದ್ದೆಯ ನೀರಿನಲ್ಲಿ ಮಡೆಂಜಿ ಇದೆ. ಅದು ಸಿಹಿನೀರಿನ ಮೀನು, ಅಳಿವೆಯ ಉಪ್ಪು ಅದಕ್ಕೆ ಬೇಲಿ ಇದ್ದ ಹಾಗೆ. ಆದರೆ ಮಳೆಗಾಲದಲ್ಲಿ ಗದ್ದೆಯಿಂದ ಗದ್ದೆಗೆ ಒದ್ದೆ ನೆಲದ ಮೇಲೆಯೇ ತೆವಳಿಕೊಂಡು ಹೋಗುವ ಮೀನೂ ಅದೇ. ಹಾಗಾದರೆ ಎರಡು ಹೊಳೆಯ ಮಡೆಂಜಿ ಒಂದೇ ಬಳಗವಾ, ಎರಡಾ? ನೇತ್ರಾವತಿಯ ತುಂಬೆ ಅಣೆಕಟ್ಟಿನ ಮೇಲಿನ ಮೀನಿಗೂ ಕೆಳಗಿನ ಮೀನಿಗೂ ಇನ್ನೂ ನಂಟಿದೆಯಾ?

ಇದನ್ನು ನೋಡಲು ನಾವು ಬಳಸುವುದು ಮೈಕ್ರೋಸ್ಯಾಟಲೈಟ್ ಮಾರ್ಕರ್. ಡಿಎನ್‌ಎಯಲ್ಲಿ ಸಿಎ ಸಿಎ ಸಿಎ ಎಂದು ಎರಡರಿಂದ ಆರು ಅಕ್ಷರದ ತುಣುಕು ಸಾಲಾಗಿ ಮರುಕಳಿಸುವ ಜಾಗಗಳಿವೆ. ಎಷ್ಟು ಸಲ ಮರುಕಳಿಸುತ್ತದೆ ಅನ್ನುವುದು ಮೀನಿನಿಂದ ಮೀನಿಗೆ ಬದಲಾಗುತ್ತದೆ. ಆ ಜಾಗದ ಎರಡೂ ಬದಿಗೆ ಪ್ರೈಮರ್ (ಅಲ್ಲಿಗೆ ಹೊಂದಿ ಕೂರುವ ಡಿಎನ್‌ಎಯ ಗಿಡ್ಡ ಚೂರು) ಹಾಕಿ, ಪಿಸಿಆರ್ ಮಾಡಿ, ಅಂದರೆ ಎಂಜೈಮಿನಿಂದ ನಡುವಿನ ತುಣುಕಿಗೆ ಲೆಕ್ಕವಿಲ್ಲದಷ್ಟು ನಕಲು ತೆಗೆದು, ಅದರ ಉದ್ದ ಅಳೆಯುತ್ತೇವೆ. ಪ್ರತಿ ಮೀನಿಗೂ ಇಂಥ ತುಣುಕು ಎರಡು, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದೊಂದಕ್ಕೂ ಅಲೀಲ್ ಅನ್ನುತ್ತೇವೆ. ಉದ್ದ ಬೇರೆ ಇದ್ದರೆ ಯಂತ್ರದ ಪರದೆಯ ಮೇಲೆ ಜೋಡಿ ಪೀಕ್ (ಚೂಪಾಗಿ ಏಳುವ ಗೆರೆ), ಒಂದೇ ಇದ್ದರೆ ಒಂಟಿ ಪೀಕ್. ಹೇಳುವುದಕ್ಕೆ ಇಷ್ಟೇ. ಮಾಡಲು ಕೂತಾಗ ಪ್ರತಿ ಹಂತದಲ್ಲೂ ಏನಾದರೊಂದು ಕೆಡುತ್ತದೆ. ಮಂಗಳೂರಿನ ಲ್ಯಾಬಿನಲ್ಲಿ ಹೊಸದಾಗಿ ಈ ಕೆಲಸ ಹಿಡಿದವರು ನನ್ನ ಹತ್ತಿರ ಮತ್ತೆ ಮತ್ತೆ ತರುವ ತೊಂದರೆಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕೇಳಬೇಕಾದ ಪ್ರಶ್ನೆ

ಫಲಿತಾಂಶ ಸರಿ ಇಲ್ಲ ಅಂದ ಕೂಡಲೇ ಎಲ್ಲರೂ ಪಿಸಿಆರ್ ಯಂತ್ರದ ಉಷ್ಣಾಂಶ ಬದಲಾಯಿಸಲು ಓಡುತ್ತಾರೆ. ಸ್ವಲ್ಪ ನಿಲ್ಲಿ. ಪ್ಲೇಟಿನ (ಹಲವು ಮೀನಿನ ಮಾದರಿಯನ್ನು ಒಟ್ಟಿಗೆ ಓಡಿಸುವ ಗುಳಿಗಳ ತಟ್ಟೆಯ) ನಕ್ಷೆ ಎದುರಿಗೆ ಇಟ್ಟುಕೊಂಡು ನೋಡಿ: ತೊಂದರೆ ಎಲ್ಲೆಲ್ಲಿ ಕಾಣುತ್ತಿದೆ?

ಒಂದೇ ಮೀನಿಗೆ ಎಲ್ಲ ಮಾರ್ಕರ್‌ಗಳೂ ಕೈಕೊಟ್ಟರೆ ಆ ಮೀನಿನ ಡಿಎನ್‌ಎ ಕೆಟ್ಟಿದೆ. ಎಲ್ಲ ಮೀನಿಗೂ ಒಂದೇ ಮಾರ್ಕರ್ ಕೈಕೊಟ್ಟರೆ ಪ್ರೈಮರ್ ನೋಡಿ. ಒಂದು ದಿನದ ಪ್ಲೇಟ್ ಇಡೀ ಕೆಟ್ಟರೆ ಅವತ್ತಿನ ಮಿಶ್ರಣದಲ್ಲೋ ಯಂತ್ರದಲ್ಲೋ ಏನೋ ಆಗಿದೆ. ಒಂದು ಜಾಗದಿಂದ ತಂದ ಮೀನುಗಳಲ್ಲಿ ಮಾತ್ರ ಎಲ್ಲ ಮಾರ್ಕರ್‌ಗಳೂ ವಿಚಿತ್ರವಾಗಿ ವರ್ತಿಸಿದರೆ ಲ್ಯಾಬ್ ಬಿಟ್ಟು ಹೊಳೆಯ ಕಡೆ ನೋಡಬೇಕು. ನಾನು ಇಷ್ಟು ವರ್ಷದಲ್ಲಿ ಕಲಿತದ್ದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಒಂದು ಪ್ರಶ್ನೆ. ಕೆಳಗೆ ಬರೆದದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಜೆಲ್‌ನಲ್ಲಿ ಬ್ಯಾಂಡೇ ಇಲ್ಲ

ಪಿಸಿಆರ್ ಆದದ್ದನ್ನು ಜೆಲ್‌ನಲ್ಲಿ ಓಡಿಸಿದರೆ ನಕಲಾದ ತುಣುಕು ಗೆರೆಯಾಗಿ ಕಾಣಬೇಕು, ಅದೇ ಬ್ಯಾಂಡ್. ಕಾಣದಿದ್ದರೆ ಮೊದಲು ಪಾಸಿಟಿವ್ ಕಂಟ್ರೋಲ್ (ಬಂದೇ ಬರುತ್ತದೆ ಅಂತ ಗೊತ್ತಿರುವ ಡಿಎನ್‌ಎ) ಬಂದಿದೆಯಾ ನೋಡಿ. ಅದೂ ಬಂದಿಲ್ಲ ಅಂದರೆ ಮಿಶ್ರಣದಲ್ಲಿ ಯಾವುದೋ ಒಂದು ಹಾಕಲು ಮರೆತಿದ್ದೀರಿ, ಅಥವಾ ಎಂಜೈಮ್ ಸತ್ತಿದೆ. ಇಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುತ್ತದೆ. ಫ್ರೀಜರ್ ಒಳಗೆ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಪುಟ್ಟ ಲೋಟದಲ್ಲಿ ನೀರು ಗಟ್ಟಿಯಾಗಿಸಿ, ಅದರ ಮೇಲೆ ಒಂದು ನಾಣ್ಯ ಇಟ್ಟು ಫ್ರೀಜರ್‌ನಲ್ಲಿಡಿ. ನಾಣ್ಯ ತಳ ಸೇರಿದ್ದರೆ ನಡುವೆ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಪ್ರೈಮರ್‌ಗಳನ್ನು ಸಣ್ಣ ಸಣ್ಣ ಟ್ಯೂಬಿಗೆ ಹಂಚಿಡಿ. ಬಣ್ಣ ಹಚ್ಚಿದ ಪ್ರೈಮರ್ ಆದರೆ ಅಲ್ಯೂಮಿನಿಯಂ ಹಾಳೆ ಸುತ್ತಿಡಿ, ಬೆಳಕಿಗೆ ಅದರ ಬಣ್ಣ ಸಾಯುತ್ತದೆ.

ಕಂಟ್ರೋಲ್ ಬಂದಿದೆ, ಕೆಲವು ಮೀನು ಬಂದಿಲ್ಲ ಅಂದರೆ ಡಿಎನ್‌ಎ ಕಡೆ ಹೋಗಿ. ಶೇಕಡ 1ರ ಅಗರೋಸ್ ಜೆಲ್‌ನಲ್ಲಿ ಡಿಎನ್‌ಎಯನ್ನೇ ಓಡಿಸಿ ನೋಡಿ. ಮೇಲೆ ಒಂದು ದಪ್ಪ ಗೆರೆ ಇದ್ದರೆ ಒಳ್ಳೆಯದು. ಮೇಲಿನಿಂದ ಕೆಳಗಿನವರೆಗೆ ಹೊಗೆ ಹರಡಿದ ಹಾಗೆ ಕಂಡರೆ ಡಿಎನ್‌ಎ ಚೂರಾಗಿದೆ. ಅದಕ್ಕೆ ಕಾರಣ ಹೆಚ್ಚಿನ ಸಲ ಹೊಳೆಯ ದಡದಲ್ಲಿ ಸಿಗುತ್ತದೆ. ಡಿಎನ್‌ಎಗಾಗಿ ಮೀನಿನಿಂದ ಕತ್ತರಿಸಿದ ರೆಕ್ಕೆಯ ಚೂರನ್ನು ಶೇಕಡ 95ರ ಎಥನಾಲ್‌ಗೆ ಹಾಕಬೇಕು. ಚೂರು ಸಣ್ಣದಿರಬೇಕು, ಎಥನಾಲ್ ಜಾಸ್ತಿ ಇರಬೇಕು. ಒಂದು ದಿನದ ನಂತರ ಹಳೆಯದನ್ನು ಚೆಲ್ಲಿ ಹೊಸದು ತುಂಬಬೇಕು, ಯಾಕೆಂದರೆ ಚೂರಿನೊಳಗಿನ ನೀರು ಹೊರಗೆ ಬಂದು ಎಥನಾಲ್ ತೆಳುವಾಗುತ್ತದೆ. ಫಾರ್ಮಲಿನ್ ಹತ್ತಿರವೂ ಸುಳಿಯಬಾರದು. ಕಾಲೇಜಿನ ಶೆಲ್ಫಿನಲ್ಲಿ ಬಾಟಲಿ ತುಂಬ ಹಳೆಯ ಮೀನು ಇದೆ ಅಂತ ಆಸೆಪಡುವವರನ್ನು ನೋಡಿದ್ದೇನೆ. ಅದು ಫಾರ್ಮಲಿನ್‌ನಲ್ಲಿದ್ದರೆ ಈ ಕೆಲಸಕ್ಕೆ ನಂಬಬೇಡಿ.

ಇನ್ನೊಂದು, ಟ್ಯೂಬಿನ ಮೇಲೆ ಪೆನ್ನಿನಲ್ಲಿ ಬರೆದ ಹೆಸರು ಎಥನಾಲ್ ತಾಗಿದರೆ ಅಳಿಸಿಹೋಗುತ್ತದೆ. ಬೈಲಿನಲ್ಲಿ ಮಳೆಯಲ್ಲಿ ನಿಂತು ಬರೆದದ್ದು, ಲ್ಯಾಬಿಗೆ ಬಂದು ಚೀಲ ತೆರೆದರೆ ನೀಲಿ ಕಲೆ ಮಾತ್ರ. ಪೆನ್ಸಿಲಿನಲ್ಲಿ ಬರೆದ ಒಂದು ಸಣ್ಣ ಚೀಟಿಯನ್ನು ಟ್ಯೂಬಿನ ಒಳಗೇ ಹಾಕಿ. ಪೆನ್ಸಿಲ್ ಬರಹಕ್ಕೆ ಎಥನಾಲ್ ಏನೂ ಮಾಡುವುದಿಲ್ಲ.

ಡಿಎನ್‌ಎ ಗೆರೆ ಚೆನ್ನಾಗಿದೆ, ಆದರೂ ಪಿಸಿಆರ್ ಬರುತ್ತಿಲ್ಲ ಅಂದರೆ ಪಿಸಿಆರ್‌ಗೆ ಅಡ್ಡ ಬರುವ ವಸ್ತು ಜೊತೆಗೇ ಬಂದಿದೆ. ಮಡೆಂಜಿಯನ್ನು ಕೈಯಲ್ಲಿ ಹಿಡಿದವರಿಗೆ ಅದರ ಲೋಳೆ ಗೊತ್ತು. ಬೆರಳ ಸಂದಿಯಿಂದ ಜಾರಿಹೋಗುವ ಆ ಲೋಳೆ ಚೂರಿನ ಜೊತೆ ಟ್ಯೂಬಿಗೂ ಬರುತ್ತದೆ. ಕಪ್ಪು ಚರ್ಮದ ಮೆಲನಿನ್ ಕೂಡ ಪಿಸಿಆರ್‌ಗೆ ಅಡ್ಡಿ. ಬೆಳಕು ಹಾಯಿಸಿ ಡಿಎನ್‌ಎಯ ಶುದ್ಧಿ ನೋಡುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 260/280 ಅನುಪಾತ 1.8ರ ಹತ್ತಿರ ಇದ್ದು, 260/230 ಮಾತ್ರ 2ಕ್ಕಿಂತ ತುಂಬ ಕೆಳಗಿದ್ದರೆ ಉಪ್ಪು, ಫೀನಾಲ್, ಲೋಳೆಯ ಸಕ್ಕರೆ ಇಂಥದ್ದು ಉಳಿದಿದೆ ಅಂತ ಅನುಮಾನಿಸಿ. ಸುಲಭದ ಪರೀಕ್ಷೆ ಒಂದಿದೆ. ಡಿಎನ್‌ಎಯನ್ನು ಹತ್ತು ಪಟ್ಟು ನೀರು ಮಾಡಿ ಮತ್ತೆ ಪಿಸಿಆರ್ ಹಾಕಿ. ಡಿಎನ್‌ಎ ಕಡಿಮೆ ಮಾಡಿದಾಗ ಬ್ಯಾಂಡ್ ಬಂತು ಅಂದರೆ ಅಡ್ಡಿ ಇತ್ತು ಅಂತಲೇ ಅರ್ಥ. ಮಿಶ್ರಣಕ್ಕೆ ಸ್ವಲ್ಪ ಬಿಎಸ್‌ಎ ಅನ್ನುವ ಪ್ರೋಟೀನ್ ಸೇರಿಸಿದರೂ ಎಷ್ಟೋ ಸಲ ಸರಿಹೋಗುತ್ತದೆ. ಮುಂದಿನ ಸಲ ಚೂರು ಕತ್ತರಿಸುವ ಮೊದಲು ರೆಕ್ಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಎಲ್ಲ ಮೀನಿಗೂ ಒಂದೇ ಮಾರ್ಕರ್ ಬರುತ್ತಿಲ್ಲ ಅಂದಾಗ ಮಾತ್ರ ಉಷ್ಣಾಂಶಕ್ಕೆ ಕೈ ಹಾಕಿ. ಪ್ರೈಮರ್ ಕೂರುವ ಹಂತಕ್ಕೆ 50ರಿಂದ 62 ಡಿಗ್ರಿವರೆಗೆ ಗ್ರೇಡಿಯಂಟ್ ಒಂದನ್ನು (ಒಂದೇ ಸಲಕ್ಕೆ ಬೇರೆ ಬೇರೆ ಟ್ಯೂಬಿಗೆ ಬೇರೆ ಬೇರೆ ಉಷ್ಣಾಂಶ) ಓಡಿಸಿ, ಮೆಗ್ನೀಸಿಯಮ್ 1.5ರಿಂದ 2.5 ಮಿಲಿಮೋಲಾರ್ ನಡುವೆ ಬದಲಿಸಿ ನೋಡಿ. ಎರಡನ್ನೂ ಒಟ್ಟಿಗೆ ಬದಲಿಸಬೇಡಿ.

ಪೀಕ್ ಇದೆ, ಆದರೆ ಓದಲಾಗುತ್ತಿಲ್ಲ

ದೊಡ್ಡ ಪೀಕಿನ ಎಡಕ್ಕೆ ಮೆಟ್ಟಿಲಿನ ಹಾಗೆ ಸಣ್ಣ ಪೀಕ್‌ಗಳು ಕಾಣುತ್ತವೆ. ಇದಕ್ಕೆ ಸ್ಟಟರ್ ಅನ್ನುತ್ತೇವೆ. ಮರುಕಳಿಸುವ ಸಾಲನ್ನು ನಕಲು ಮಾಡುವಾಗ ಎಂಜೈಮ್ ಜಾರಿ ಒಂದು ತುಣುಕು ಬಿಟ್ಟುಬಿಡುತ್ತದೆ. ಎರಡಕ್ಷರದ ಮಾರ್ಕರ್‌ಗಳಲ್ಲಿ ಇದು ಜಾಸ್ತಿ, ನಾಲ್ಕಕ್ಷರದವುಗಳಲ್ಲಿ ಕಡಿಮೆ. ಸ್ಟಟರ್ ಇದ್ದರೆ ತೊಂದರೆ ಇಲ್ಲ. ಒಂದೇ ತುಣುಕಿನ ವ್ಯತ್ಯಾಸ ಇರುವ ಜೋಡಿ ಪೀಕನ್ನು ಒಂಟಿ ಪೀಕು ಮತ್ತು ಅದರ ಸ್ಟಟರ್ ಅಂತ ಓದಿಬಿಡುವುದು ತೊಂದರೆ. ಗುರುತು ಹೀಗೆ: ಒಂಟಿ ಪೀಕ್ ಆದರೆ ಹೆಚ್ಚಿನ ಸಲ ಎಡಗಡೆಯದು ಗಿಡ್ಡ. ಜೋಡಿ ಆದರೆ ಬಲಗಡೆಯ ಅಲೀಲಿನ ಸ್ಟಟರ್ ಕೂಡ ಎಡಗಡೆಯದಕ್ಕೆ ಸೇರಿಕೊಳ್ಳುತ್ತದೆ, ಹಾಗಾಗಿ ಸಾಮಾನ್ಯವಾಗಿ ಎಡಗಡೆಯದು ಎತ್ತರ ಇರುತ್ತದೆ. ಇದನ್ನು ಒಮ್ಮೆ ಕಣ್ಣಿಗೆ ಕಟ್ಟಿಕೊಂಡರೆ ಮತ್ತೆ ಮರೆಯುವುದಿಲ್ಲ.

ಪೀಕ್ ತಲೆ ಸೀಳಿದ ಹಾಗಿದ್ದು, ಎರಡು ತುದಿಗಳ ನಡುವೆ ಸರಿಯಾಗಿ ಒಂದಕ್ಷರದ ಅಂತರ ಇದ್ದರೆ ಕಾರಣ ಬೇರೆ. ಟ್ಯಾಕ್ ಎಂಜೈಮ್ ತುಣುಕಿನ ಕೊನೆಗೆ ಒಂದು ‘ಎ’ ಅಕ್ಷರ ತಾನಾಗಿ ಅಂಟಿಸುತ್ತದೆ. ಕೆಲವಕ್ಕೆ ಅಂಟಿಸಿ ಕೆಲವಕ್ಕೆ ಬಿಟ್ಟರೆ ತಲೆ ಸೀಳುತ್ತದೆ. ಪಿಸಿಆರ್‌ನ ಕೊನೆಯ ಹಂತವನ್ನು 30ರಿಂದ 60 ನಿಮಿಷಕ್ಕೆ ಹಿಗ್ಗಿಸಿ, ಎಲ್ಲದಕ್ಕೂ ಅಂಟಿಸಲು ಸಮಯ ಸಿಗುತ್ತದೆ. ಹೊಸ ಪ್ರೈಮರ್ ಮಾಡಿಸುವುದಾದರೆ ರಿವರ್ಸ್ ಪ್ರೈಮರ್‌ನ ಮುಂದೆ ಜಿಟಿಟಿಟಿಸಿಟಿಟಿ ಅನ್ನುವ ಏಳು ಅಕ್ಷರದ ಬಾಲ ಸೇರಿಸಿ. 1996ರಿಂದ ಬಳಕೆಯಲ್ಲಿರುವ ಉಪಾಯ ಇದು, ಇವತ್ತಿಗೂ ಇದಕ್ಕಿಂತ ಅಗ್ಗದ ಮದ್ದು ಇಲ್ಲ.

ಒಂದು ಬಣ್ಣದ ಪೀಕಿನ ಸರಿಯಾಗಿ ಕೆಳಗೆ ಇನ್ನೊಂದು ಬಣ್ಣದಲ್ಲೂ ಸಣ್ಣ ಪೀಕ್ ಕಂಡರೆ ಪಿಸಿಆರ್ ಉತ್ಪನ್ನ ಜಾಸ್ತಿ ಹಾಕಿದ್ದೀರಿ. ತೆಳು ಮಾಡಿ ಮತ್ತೆ ಓಡಿಸಿ.

ಒಂದೇ ಮೀನಿನಲ್ಲಿ ಮೂರು, ನಾಲ್ಕು ಪೀಕ್

ಮಡೆಂಜಿಯಲ್ಲಿ ಹೀಗೆ ಕಂಡರೆ ಮೊದಲು ಎರಡು ಮೀನಿನ ಡಿಎನ್‌ಎ ಬೆರಕೆಯಾಗಿದೆ ಅಂತ ಭಾವಿಸಿ. ಕತ್ತರಿ ಒರೆಸದೆ ಎರಡು ಮೀನಿನ ರೆಕ್ಕೆ ಕತ್ತರಿಸಿದ್ದರೆ ಎಲ್ಲ ಮಾರ್ಕರ್‌ಗಳಲ್ಲೂ ಆ ಟ್ಯೂಬಿಗೆ ಹೆಚ್ಚುವರಿ ಪೀಕ್ ಬರುತ್ತದೆ. ಡಿಎನ್‌ಎ ಹಾಕದ ನೆಗೆಟಿವ್ ಕಂಟ್ರೋಲ್‌ನಲ್ಲೂ ಪೀಕ್ ಇದ್ದರೆ ನೀರೋ ಮಿಶ್ರಣವೋ ಕೆಟ್ಟಿದೆ.

ಮಹಸೀರ್‌ನಲ್ಲಿ ಕಂಡರೆ ಮಾತ್ರ ಕಥೆ ಬೇರೆ. ಶಿಶಿಲದ ದೇವರ ಮೀನು ನೋಡಿದವರಿಗೆ ಈ ಬಳಗದ ಪರಿಚಯ ಇರುತ್ತದೆ. ಇದರ ಹತ್ತಿರದ ನೆಂಟರಾದ ಅನೇಕ ಗೆಂಡೆ ಜಾತಿಯ ಮೀನುಗಳಿಗೆ 50 ಕ್ರೋಮೋಸೋಮ್ ಇದ್ದರೆ, ಮಹಸೀರ್‌ಗೆ 100. ಬಹಳ ಹಿಂದೆ ಇದರ ಪೂರ್ವಜರಲ್ಲಿ ಇಡೀ ಜೀನೋಮ್ ಇಮ್ಮಡಿಯಾಗಿದೆ. ಹಾಗಾಗಿ ಒಂದೇ ಪ್ರೈಮರ್ ಜೋಡಿ ಎರಡು ಕಡೆ ಹೋಗಿ ಕೂರಬಹುದು. ಆಗ ಹೆಚ್ಚಿನ ಮೀನುಗಳಲ್ಲಿ ಅದೇ ಮಾರ್ಕರ್ ಮೂರು ನಾಲ್ಕು ಪೀಕ್ ಕೊಡುತ್ತದೆ, ಉಳಿದ ಮಾರ್ಕರ್‌ಗಳು ಶಿಸ್ತಾಗಿ ಎರಡೇ ಕೊಡುತ್ತವೆ. ಅಂಥ ಮಾರ್ಕರ್ ಬಿಟ್ಟುಬಿಡಿ. ಎರಡು ಎತ್ತರದ ಪೀಕ್ ಆರಿಸಿ ಬರೆದುಕೊಂಡು ಮುಂದೆ ಹೋಗುವುದು ಸುಳ್ಳು ಲೆಕ್ಕ ಬರೆದ ಹಾಗೆ.

ದೇವಸ್ಥಾನದ ಗುಂಡಿಯ ಮೀನಿಗೆ, ರೆಕ್ಕೆಯ ಚೂರಿಗಾದರೂ ಸರಿ, ಊರವರನ್ನು ಕೇಳದೆ ಕೈ ಹಾಕಬೇಡಿ. ಅವರು ಬೇಡ ಅಂದರೆ ಬೇಡ.

ಹಳೆಯ ಪ್ಲೇಟಿಗೂ ಹೊಸ ಪ್ಲೇಟಿಗೂ ಅಳತೆ ಹೊಂದುತ್ತಿಲ್ಲ

ಜನವರಿಯಲ್ಲಿ 184 ಅಕ್ಷರ ಉದ್ದ ಅಂತ ಓದಿದ ಅಲೀಲ್ ಆಗಸ್ಟ್‌ನಲ್ಲಿ 185.3 ಅಂತ ಬರುತ್ತದೆ. ಮೀನು ಬದಲಾಗಿಲ್ಲ. ಯಂತ್ರ, ಪಾಲಿಮರ್, ಕೋಣೆಯ ಬಿಸಿ, ಬಣ್ಣದ ಡೈ, ಇದರಲ್ಲಿ ಯಾವುದು ಬದಲಾದರೂ ಅಳತೆ ಸ್ವಲ್ಪ ಸರಿಯುತ್ತದೆ. ನೇತ್ರಾವತಿಯ ಮೀನನ್ನು ಒಂದು ಪ್ಲೇಟಿನಲ್ಲಿ, ಸೀತಾ ಹೊಳೆಯ ಮೀನನ್ನು ಇನ್ನೊಂದರಲ್ಲಿ ಓಡಿಸಿದ್ದರೆ ಎರಡು ಹೊಳೆಗೂ ದೊಡ್ಡ ವ್ಯತ್ಯಾಸ ಇದೆ ಅಂತ ಲೆಕ್ಕ ಹೇಳುತ್ತದೆ. ಅದು ಪ್ಲೇಟಿನ ವ್ಯತ್ಯಾಸ ಆಗಿರಬಹುದು. ಪ್ರತಿ ಪ್ಲೇಟಿನಲ್ಲೂ ಎಲ್ಲ ಹೊಳೆಯ ಮೀನನ್ನು ಬೆರೆಸಿ ಹಾಕಿ. ಅಳತೆ ಚೆನ್ನಾಗಿ ಗೊತ್ತಿರುವ ಎರಡು ಮೀನನ್ನು ಪ್ರತಿ ಸಲವೂ ಹಾಕಿ. ನೂರರಲ್ಲಿ ಐದು ಹತ್ತು ಮೀನನ್ನು ಮತ್ತೊಮ್ಮೆ ಮೊದಲಿನಿಂದ ಮಾಡಿ, ಹಳೆಯ ಓದು ನೋಡದೆ ಓದಿ.

ಒಂದೇ ಮಾರ್ಕರ್‌ನಲ್ಲಿ ಒಂಟಿ ಪೀಕ್ ಜಾಸ್ತಿ

ಜನರನ್ನು ಹೆಚ್ಚು ದಾರಿತಪ್ಪಿಸುವ ದೋಷ ಇದು. ಪೀಕ್ ಸ್ವಚ್ಛ, ಕಂಟ್ರೋಲ್ ಸರಿ, ಆದರೆ ಹಾರ್ಡಿ-ವೈನ್‌ಬರ್ಗ್ ಲೆಕ್ಕ (ಒಂದು ಬಳಗದೊಳಗೆ ಯಾರು ಯಾರ ಜೊತೆಗಾದರೂ ಕೂಡಿದರೆ ಎಷ್ಟು ಜೋಡಿ ಪೀಕ್ ಇರಬೇಕು ಅನ್ನುವ ಲೆಕ್ಕ) ಹೇಳುವಷ್ಟು ಜೋಡಿ ಪೀಕ್ ಮೀನುಗಳು ಇಲ್ಲ. ‘ಒಳಸಂಬಂಧ ಆಗಿದೆ, ಮೀನಿನ ಸಂಖ್ಯೆ ಕುಸಿದಿದೆ’ ಅಂತ ಬರೆದುಬಿಡಲು ಕೈ ತುರಿಸುತ್ತದೆ. ತಡೆಯಿರಿ. ಒಳಸಂಬಂಧ ಆಗಿದ್ದರೆ ಎಲ್ಲ ಮಾರ್ಕರ್‌ಗಳೂ ಹೇಳಬೇಕಿತ್ತು, ಅಲ್ವಾ? ಒಂದೇ ಹೇಳುತ್ತಿದೆ ಅಂದರೆ ಆ ಮಾರ್ಕರ್‌ದೇ ದೋಷ.

ಆಗುವುದು ಇಷ್ಟು. ಪ್ರೈಮರ್ ಕೂರುವ ಜಾಗದಲ್ಲೇ ಕೆಲವು ಮೀನುಗಳಿಗೆ ಒಂದಕ್ಷರ ಬದಲಾಗಿದೆ. ಪ್ರೈಮರ್ ಅಲ್ಲಿ ಹಿಡಿಯುವುದಿಲ್ಲ, ಆ ಅಲೀಲ್ ಕಾಣುವುದೇ ಇಲ್ಲ. ಇದೇ ನಲ್ ಅಲೀಲ್. ಒಂದು ಲೆಕ್ಕ ಮಾಡಿ ನೋಡಿ. ನಲ್ ಅಲೀಲಿನ ಪಾಲು 0.2 ಇದೆ ಅಂದುಕೊಳ್ಳಿ. ನೂರು ಮೀನಿನಲ್ಲಿ ಸುಮಾರು 4ಕ್ಕೆ ಎರಡೂ ಕಡೆ ನಲ್, ಅವು ಖಾಲಿ ಬರುತ್ತವೆ. ಆದರೆ 32 ಮೀನಿಗೆ ಒಂದು ಕಡೆ ಮಾತ್ರ ನಲ್. ಅವು ಖಾಲಿ ಬರುವುದಿಲ್ಲ, ಒಂಟಿ ಪೀಕ್ ತೋರಿಸಿ ನಿಮ್ಮನ್ನು ನಂಬಿಸುತ್ತವೆ. ಖಾಲಿ ಬಂದ ನಾಲ್ಕನ್ನು ‘ಪಿಸಿಆರ್ ಆಗಲಿಲ್ಲ’ ಅಂತ ಬದಿಗೆ ಸರಿಸಿದರೆ ಇದ್ದ ಒಂದೇ ಸುಳಿವು ಕೈತಪ್ಪುತ್ತದೆ.

ನಮ್ಮಲ್ಲೂ ಹೀಗೇ ಆಗಿತ್ತು. ಸೀತಾ ಹೊಳೆಯ ಕೆಲವು ಮಡೆಂಜಿಗಳು ಒಂದು ಮಾರ್ಕರ್‌ಗೆ ಮಾತ್ರ ಖಾಲಿ ಬರುತ್ತಿದ್ದವು. ಉಳಿದ ಮಾರ್ಕರ್‌ಗಳಿಗೆ ಅದೇ ಟ್ಯೂಬಿನ ಡಿಎನ್‌ಎ ಚೆನ್ನಾಗಿ ಬರುತ್ತಿತ್ತು. ಮೂರು ಸಲ ಮಾಡಿದರೂ ಅಷ್ಟೇ. ಹಳೆಯ ಪ್ರೈಮರ್ ಕೂರುವ ಜಾಗದ ಆಚೆಯ ಸಾಲು ನೋಡಿ, ಸ್ವಲ್ಪ ಹೊರಗೆ ಕೂರುವ ಹೊಸ ಪ್ರೈಮರ್ ಜೋಡಿ ಮಾಡಿಸಿದೆವು. ಅದೇ ಖಾಲಿ ಮೀನುಗಳಲ್ಲಿ ಪೀಕ್ ಎದ್ದು ನಿಂತಿತು. ಡಿಎನ್‌ಎ ಅಕ್ಷರಗಳ ಅನುಕ್ರಮ ಓದಿಸಿದಾಗ ಹಳೆಯ ಪ್ರೈಮರ್‌ನ ಕೊನೆಯ ತುದಿ ಕೂರಬೇಕಾದ ಜಾಗದಲ್ಲೇ ಒಂದಕ್ಷರ ಬೇರೆ ಇತ್ತು. ಪ್ರೈಮರ್‌ನ ಆ ತುದಿಯಿಂದಲೇ ಎಂಜೈಮ್ ಕೆಲಸ ಶುರು ಮಾಡುವುದು, ಅಲ್ಲಿ ಹೊಂದದಿದ್ದರೆ ಮುಂದೆ ಹೋಗುವುದಿಲ್ಲ. ಆ ಮಾರ್ಕರ್‌ನ ಪ್ರೈಮರನ್ನು ನಾವು ಒಂದೇ ಹೊಳೆಯ ಮೀನು ನೋಡಿ ತಯಾರಿಸಿದ್ದೆವು. ಈಗ ಪ್ರೈಮರ್ ಬರೆಯುವ ಮೊದಲು ಬೇರೆ ಬೇರೆ ಹೊಳೆಯ ನಾಲ್ಕೈದು ಮೀನಿನ ಅನುಕ್ರಮ ಪಕ್ಕ ಪಕ್ಕ ಇಟ್ಟು, ಯಾರಲ್ಲೂ ಬದಲಾಗದ ಜಾಗ ಆರಿಸುತ್ತೇವೆ. ಬೇರೆ ಜಾತಿಯ ಮೀನಿಗೆ ಮಾಡಿದ ಪ್ರೈಮರ್ ತಂದು ಬಳಸುವವರಿಗೆ ಈ ತೊಂದರೆ ಇನ್ನೂ ಜಾಸ್ತಿ.

ಇದರ ಜೊತೆಗೆ ಹುಟ್ಟಿದ ಹಾಗೆ ಕಾಣುವ ಇನ್ನೊಂದು ದೋಷವಿದೆ. ಡಿಎನ್‌ಎ ಚೂರಾಗಿದ್ದರೆ ಉದ್ದದ ಅಲೀಲ್ ಬರುವುದಿಲ್ಲ, ಗಿಡ್ಡದ್ದು ಮಾತ್ರ ಬರುತ್ತದೆ. ಆಗ ಒಂಟಿ ಪೀಕ್‌ಗಳೆಲ್ಲ ಗಿಡ್ಡ ಅಳತೆಯ ಕಡೆ ಗುಂಪುಗೂಡಿರುತ್ತವೆ, ಉದ್ದದ ಮಾರ್ಕರ್‌ಗಳಲ್ಲೇ ಹೆಚ್ಚು ಕಾಣುತ್ತದೆ. ಮೈಕ್ರೋ-ಚೆಕರ್ ಪ್ರೋಗ್ರಾಮ್ ಸ್ಟಟರ್, ನಲ್, ಉದ್ದದ ಅಲೀಲ್ ಬಿದ್ದುಹೋಗುವುದು, ಈ ಮೂರನ್ನೂ ಬೇರ್ಪಡಿಸಿ ಅನುಮಾನ ಹೇಳುತ್ತದೆ. ಅದು ಹೇಳಿದ್ದನ್ನು ಟ್ಯೂಬಿನಲ್ಲಿ ಪರೀಕ್ಷಿಸಿಯೇ ನಂಬಿ.

ಎಲ್ಲ ಮಾರ್ಕರ್‌ಗಳೂ ಒಟ್ಟಿಗೆ ದೂರು ಹೇಳುತ್ತಿವೆ

ಈಗ ಲ್ಯಾಬ್‌ನಿಂದ ಹೊರಗೆ ಬನ್ನಿ. ಎಲ್ಲದರಲ್ಲೂ ಒಂಟಿ ಪೀಕ್ ಜಾಸ್ತಿ ಅಂದರೆ ನೀವು ಒಂದು ಬಳಗ ಅಂದುಕೊಂಡು ಎರಡು ಬಳಗವನ್ನು ಒಂದೇ ಹೆಸರಿನಡಿ ಸೇರಿಸಿರಬಹುದು. ಪೇಟೆಯಲ್ಲಿ ಮೀನು ಕೊಂಡು ಮಾದರಿ ಮಾಡಿದವರಿಗೆ ಇದು ಹೆಚ್ಚು. ಮಡೆಂಜಿ ಗಾಳಿ ಉಸಿರಾಡುವ ಮೀನು, ಸ್ವಲ್ಪ ನೀರಿನಲ್ಲೇ ಜೀವಂತ ದೂರ ಪ್ರಯಾಣ ಮಾಡುತ್ತದೆ. ಬುಟ್ಟಿಯಲ್ಲಿ ಹೊಳೆಯ ಮೀನೂ ಇರುತ್ತದೆ, ಎಲ್ಲಿಂದಲೋ ಬಂದ ಸಾಕಿದ ಮೀನೂ ಇರುತ್ತದೆ. ಹಿಡಿಯುವಾಗ ನೀವೇ ಪಕ್ಕದಲ್ಲಿರಬೇಕು. ಮರಿಗಳಾದರೆ ಬೇರೆ ಜಾತಿಯದ್ದೂ ಸೇರಿರಬಹುದು. ಅನುಮಾನ ಬಂದ ಟ್ಯೂಬಿಗೆ ಸಿಒಐ ಅನ್ನುವ ಜೀನಿನ ಬಾರ್‌ಕೋಡ್ ಮಾಡಿಸಿ, ಸುಮಾರು 650 ಅಕ್ಷರ ಓದಿದರೆ ಜಾತಿ ಗೊತ್ತಾಗುತ್ತದೆ.

ಇನ್ನೊಂದು ಲಕ್ಷಣ ಇದಕ್ಕಿಂತ ಸೂಕ್ಷ್ಮ. ಒಂದಕ್ಕೊಂದು ಸಂಬಂಧವೇ ಇರಬಾರದ ಮಾರ್ಕರ್‌ಗಳು ಜೊತೆಜೊತೆಯಾಗಿ ಬದಲಾಗುತ್ತವೆ. ಡಿಎನ್‌ಎ ನೋಡಿ ಮೀನುಗಳನ್ನು ಗುಂಪು ಮಾಡುವ ಸ್ಟ್ರಕ್ಚರ್ ಪ್ರೋಗ್ರಾಮ್‌ಗೆ ಹಾಕಿದರೆ ಒಂದೇ ಹೊಳೆಯೊಳಗೆ ಚಂದದ ನಾಲ್ಕೈದು ಗುಂಪು ಬರುತ್ತದೆ. ನೋಡಲು ದೊಡ್ಡ ಶೋಧದ ಹಾಗಿರುತ್ತದೆ. ನಮಗೆ ಹಾಗೆ ಬಂದಾಗ ನಕ್ಷೆ, ಅಣೆಕಟ್ಟು, ಉಪ್ಪಿನ ಗೆರೆ ಎಲ್ಲ ಇಟ್ಟು ನೋಡಿದೆವು, ಯಾವುದಕ್ಕೂ ಹೊಂದಲಿಲ್ಲ. ಕೊನೆಗೆ ಹಿಡಿದ ದಿನದ ಪುಸ್ತಕ ತೆರೆದಾಗ ಪ್ರತಿ ಗುಂಪೂ ಒಂದೊಂದು ದಿನದ ಮೀನು ಅಂತ ಗೊತ್ತಾಯಿತು.

ಮಳೆ ಹಿಡಿದ ಮೇಲೆ ತೋಡಿನ ಅಂಚಿನಲ್ಲಿ ನಿಂತರೆ ಮಡೆಂಜಿಯ ಮರಿಗಳು ಕಾಣುತ್ತವೆ. ಕೆಂಪು ಮಿಶ್ರಿತ ಕಿತ್ತಳೆ ಬಣ್ಣದ ಒಂದು ಉಂಡೆ ನೀರಿನ ಮೇಲ್ಮೈಯಲ್ಲಿ ಕುದಿಯುವ ಹಾಗೆ ಆಡುತ್ತಿರುತ್ತದೆ, ಕೆಳಗೆ ದೊಡ್ಡ ಮೀನು ಕಾವಲು ಇರುತ್ತದೆ. ಬಲೆ ಒಮ್ಮೆ ಹಾಕಿದರೆ ಮೂವತ್ತು ಮರಿ ಸಿಗುತ್ತದೆ. ಮೂವತ್ತು ಬೇಕಿತ್ತು, ಸಿಕ್ಕಿತು ಅಂತ ಖುಷಿ. ನಮಗೆ ಬಲೆ ಹಾಕಿಕೊಟ್ಟ ಹಿರಿಯರು ಅವತ್ತೇ ಹೇಳಿದ್ದರು:

“ಇದು ಎಲ್ಲ ಒಂದೇ ಮನೆಯ ಮಕ್ಕಳು ಮಾರಾಯ್ರೆ. ನಿಮಗೆ ಊರಿನ ಲೆಕ್ಕ ಬೇಕಾದರೆ ಬೇರೆ ಬೇರೆ ಮನೆಗೆ ಹೋಗಬೇಕಲ್ಲ?”

ಕೇಳಿಸಿಕೊಂಡಿದ್ದೆವು. ಪುಸ್ತಕದಲ್ಲಿ ಬರೆದುಕೊಂಡಿರಲಿಲ್ಲ.

ಮೂವತ್ತು ಒಡಹುಟ್ಟಿದವರ ಡಿಎನ್‌ಎ ಅಂದರೆ ಒಬ್ಬ ತಾಯಿ, ಒಬ್ಬ ತಂದೆಯ ಡಿಎನ್‌ಎಯನ್ನೇ ಮೂವತ್ತು ಸಲ ಓದಿದ ಹಾಗೆ. ಕಾಲನಿ ಅನ್ನುವ ಪ್ರೋಗ್ರಾಮ್ ಯಾರು ಯಾರು ಒಡಹುಟ್ಟಿದವರು ಅಂತ ಊಹಿಸಿಕೊಡುತ್ತದೆ. ಅದರ ಸಹಾಯದಿಂದ ಪ್ರತಿ ಉಂಡೆಯಿಂದ ಒಂದು ಮರಿ ಮಾತ್ರ ಇಟ್ಟುಕೊಂಡು ಲೆಕ್ಕ ಮತ್ತೆ ಮಾಡಿದೆವು. ಗುಂಪುಗಳು ಕರಗಿದವು. ಮೀನಿನ ಸಂಖ್ಯೆಯೂ ಕರಗಿತು, ಎಷ್ಟೋ ಜಾಗಕ್ಕೆ ನಾಲ್ಕೈದು ಮೀನು ಮಾತ್ರ ಉಳಿಯಿತು. ಹಾಗಾಗಿ ಈಗ ನಾವು ಮರಿ ಹಿಡಿಯುವುದಿಲ್ಲ. ದೊಡ್ಡ ಮೀನು, ಒಂದು ಜಾಗಕ್ಕೆ ಮೂವತ್ತು, ಹೊಳೆಯ ಉದ್ದಕ್ಕೂ ಹಂಚಿ, ಬೇರೆ ಬೇರೆ ದಿನ ಹಿಡಿಯುತ್ತೇವೆ. ಟ್ಯೂಬಿನೊಳಗಿನ ಚೀಟಿಯಲ್ಲಿ ಹೊಳೆ, ಜಾಗ, ದಿನಾಂಕ, ಮೀನಿನ ಉದ್ದ, ಹಿಡಿದ ಬಲೆ ಇಷ್ಟನ್ನು ಬರೆಯುತ್ತೇವೆ. ಅದರ ಹಿಂಬದಿಯಲ್ಲಿ, ಅವತ್ತು ಬಲೆ ಹಾಕಿದವರು ಏನಾದರೂ ಹೇಳಿದ್ದರೆ ಅದನ್ನೂ ಪೆನ್ಸಿಲಿನಲ್ಲಿ ಬರೆಯುತ್ತೇವೆ.